ನಾಲ್ಕನೆಯ ಕಾಲುಪಟ್ಟಿ

ಕಿತ್ತೂರು
೪ ಆಗಸ್ಟ್ ೨೦೨೪

ಶಟ್ಟೆಪ್ಪನವರಿಗೆ ನಮಸ್ಕಾರ.

ನಾನು ಅನ್ನಪೂರ್ಣಾ. ನಿಮ್ಮ ಅಕ್ಕನ ಮಗಳು ಸಂಘಮಿತ್ರಾ ಓದುತ್ತಿರುವ ವಸತಿ ಶಾಲೆಯಲ್ಲಿ ಈಜು ಕಲಿಸುತ್ತೇನೆ. ಮೊನ್ನೆ ಯರಗಟ್ಟಿಯ ನಿಮ್ಮ ಪಂಕ್ಚರ್ ಅಂಗಡಿಗೆ ಫೋನು ಮಾಡಿ ಗಂಟಲು ಹರಿಯುವಂತೆ ಕೂಗಿದವಳೂ ನಾನೇ. ನಾನು ಏನು ಕೇಳಿದರೂ ನೀವು ಗಾಡಿ ಎಲ್ಲಿ ನಿಂತಿದೆ ಎಂದೇ ಕೇಳುತ್ತಿದ್ದಿರಿ. ಕಡೆಗೆ ಸಂಘಮಿತ್ರಾಳ ಅಣ್ಣ ಆಕಾಶ ಫೋನು ಕಸಿದುಕೊಂಡು, “ಮಾಮಾಗ ಕಿವಿ ಮಂದ ಅದಾವ್ರಿ ಅಕ್ಕಾರ. ಕಾಗದ ಬರದು ಬಸ್ಸಿನ್ಯಾಗ ಕಳಸ್ರಿ. ಕಾಗದ ಅಂದ್ರ ಅಂವಗ ಭಾಳ ಖುಷಿ” ಎಂದ. ಹಾಗಾಗಿ ಬೈಲಹೊಂಗಲದ ಮೇಲೆ ಯರಗಟ್ಟಿಗೆ ಬರುವ ಬಸ್ಸಿನ ಕಂಡಕ್ಟರರ ಕೈಗೆ ಇದನ್ನು ಕೊಡುತ್ತಿದ್ದೇನೆ.

ವಿಷಯ ಇಷ್ಟು. ನಿಮ್ಮ ಹುಡುಗಿ ಹೊಳೆಯಲ್ಲಿ ಈಜು ಕಲಿತವಳು. ಕಾಲು ಬಲು ಗಟ್ಟಿ, ಕೈ ಶುದ್ಧ ಸೋಮಾರಿ. ನೀರಿಗೆ ಬಿದ್ದರೆ ಕಾಲು ಬಡಿದೇ ಆಚೆ ದಡ ಸೇರುತ್ತಾಳೆ. ಅಷ್ಟರಿಂದ ಹಳ್ಳಿಯ ಪೋರರನ್ನು ಸೋಲಿಸಬಹುದು, ಆದರೆ ಅಕ್ಟೋಬರ್ ೨೦ಕ್ಕೆ ಬೆಳಗಾವಿಯಲ್ಲಿ ರಾಜ್ಯ ತಂಡದ ಆಯ್ಕೆಯಿದೆ. ಅವಳ ಕೈಗಳಿಗೆ ಕೆಲಸ ಕಲಿಸಬೇಕಾದರೆ ಕಾಲುಗಳನ್ನು ಸುಮ್ಮನಿರಿಸಬೇಕು. ಅದಕ್ಕೊಂದು ರಬ್ಬರಿನ ಪಟ್ಟಿ ಬೇಕು. ಪಾದದ ಮೇಲಿನ ಎರಡೂ ಹರಡುಗಳಿಗೆ ಎಂಟರ ಅಂಕಿಯ ಹಾಗೆ ಸಿಕ್ಕಿಸಿದರೆ ಕಾಲು ಬಡಿಯಲಾಗುವುದಿಲ್ಲ. ಹಿಂಭಾಗ ಮುಳುಗತೊಡಗುತ್ತದೆ, ಕೈಯ ಬಲದಿಂದಲೇ ಮೈಯನ್ನು ಎತ್ತಿ ಹಿಡಿಯಬೇಕಾಗುತ್ತದೆ.

ಅಂಗಡಿಯಲ್ಲಿ ಸಿಗುವ ಪಟ್ಟಿಗಳು ವಾರಕ್ಕೇ ಹರಿಯುತ್ತವೆ. ಸಂಘಮಿತ್ರಾ, “ನಮ್ಮ ಮಾಮಾ ಟ್ಯೂಬಿನ್ಯಾಗ ಮಾಡಿ ಕೊಡ್ತಾನ್ರಿ” ಎಂದು ಎದೆ ತಟ್ಟಿ ಹೇಳಿದ್ದಾಳೆ. ಅವಳ ಹರಡಿನ ಅಳತೆಗೆ ಒಂದು ದಾರ ಇಟ್ಟಿದ್ದೇನೆ. ಹೆದರಬೇಡಿ, ಪಟ್ಟಿ ಹಾಕಿ ಈಜುವಾಗ ನಾನು ದಂಡೆಯಲ್ಲೇ ನಿಂತಿರುತ್ತೇನೆ.

ಅನ್ನಪೂರ್ಣಾ


ಯರಗಟ್ಟಿ
೯ ಆಗಸ್ಟ್ ೨೦೨೪

ಅನ್ನಪೂರ್ಣಾ ಅಕ್ಕಾರಿಗೆ ಶಟ್ಟೆಪ್ಪನ ಜೈಭೀಮ.

ಕಾಗದ ಮುಟ್ಟಿತು. ಎಷ್ಟೋ ವರ್ಷದ ಮೇಲೆ ನನ್ನ ಹೆಸರಿಗೆ ಬ್ಯಾಂಕಿನವರದಲ್ಲದ ಕಾಗದ ಬಂತು, ಎರಡು ಸಲ ಓದಿದೆ. ಕಿವಿಯದು ಹೀಗೇ ನೋಡಿ. ಇಷ್ಟು ವರ್ಷ ಗಾಲಿಗೆ ಹವಾ ತುಂಬುವ ಟಾಕಿಯ ಪಕ್ಕದಲ್ಲಿ ಕೂತು ಕೂತು ಹೋಗಿಬಿಟ್ಟಿದೆ. ಗಿರಾಕಿಗಳ ಬೈಗುಳ ಕೇಳಿಸುವುದಿಲ್ಲವಾದ್ದರಿಂದ ಲಾಭವೇ ಹೆಚ್ಚು.

ಪಟ್ಟಿಗಳನ್ನು ಕಳಿಸಿದ್ದೇನೆ. ಈಗಿನ ಕಾರುಗಳಿಗೆ ಟ್ಯೂಬೇ ಇಲ್ಲ, ನಮ್ಮ ಹೊಟ್ಟೆಯ ಮೇಲೆ ಹೊಡೆದಿದ್ದಾರೆ. ಹಳೆಯ ಟೆಂಪೋ ಒಂದರ ಟ್ಯೂಬು ಹುಡುಕಿ ಅಡ್ಡಕ್ಕೆ ಕೊಯ್ದೆವು. ಅಡ್ಡ ಕೊಯ್ದರೆ ಬಳೆಯ ಹಾಗೆ ಉಂಗುರ ಬೀಳುತ್ತದೆ, ನಡುವೆ ಒಂದು ಸಲ ತಿರುವಿದರೆ ನೀವು ಹೇಳಿದ ಎಂಟು. ಕೊಯ್ದ ಅಂಚು ಚರ್ಮಕ್ಕೆ ಹತ್ತಬಾರದೆಂದು ಆಕಾಶ ಅರದಿಂದ ಉಜ್ಜಿ ಉಜ್ಜಿ ಮಗುವಿನ ಕಿವಿಯಷ್ಟು ಮೆತ್ತಗೆ ಮಾಡಿದ್ದಾನೆ. ಅಂಗಡಿಯ ಕೆಲಸದಲ್ಲಿ ಇಷ್ಟು ಶ್ರದ್ಧೆ ತೋರಿಸಿದ್ದರೆ ನಾನು ಇಷ್ಟರಲ್ಲಿ ಮಹಡಿಮನೆ ಕಟ್ಟಿರುತ್ತಿದ್ದೆ. ತಂಗಿಯ ಕೆಲಸವೆಂದರೆ ಅವನು ಬೇರೆಯೇ ಮನುಷ್ಯ. ತಂದೆಯಿಲ್ಲದ ಮಕ್ಕಳು, ಒಂದಕ್ಕೊಂದು ಅಂಟಿಕೊಂಡು ಬೆಳೆದಿದ್ದಾವೆ. ನಮ್ಮೂರು ಮನೋಳಿಯ ಹೊಳೆಯಲ್ಲಿ ಅವಳಿಗೆ ಈಜು ಕಲಿಸಿದವನೂ ಅವನೇ. ಕೆಳಗೆ ಮುಳುಗಿ ಹೋಗಿ ಅವಳ ಕಾಲು ಜಗ್ಗುತ್ತಿದ್ದ. ಅಳುತ್ತಾ ಮನೆಗೆ ಬಂದವಳು ಮರುದಿನ ಅವನಿಗಿಂತ ಮೊದಲು ಹೊಳೆಗೆ ಓಡುತ್ತಿದ್ದಳು.

ಒಂದೊಂದು ಪಟ್ಟಿಯನ್ನೂ ತಾನು ಹಾಕಿಕೊಂಡು ಹೊಳೆಯಲ್ಲಿ ಈಜಿ ನೋಡದೆ ಕಳಿಸುವುದಿಲ್ಲ ಎಂದು ಹಟ ಹಿಡಿದ, ಹಾಗೆಯೇ ಮಾಡಿದ.

ನಮ್ಮಕ್ಕ ಪದ್ಮವ್ವ ಮಾತ್ರ ಇದನ್ನು ನೋಡಿ ಕಂಗಾಲಾದಳು. “ಎರಡೂ ಕಾಲು ಕೂಡಿಸಿ ಕಟ್ಟೂದು ಸತ್ತವರಿಗೆ. ಜೀವಂತ ಹುಡುಗೀಗೆ ಯಾಕ್ ಕಟ್ತೀರೋ?” ಎಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ನಾವು ದೀಕ್ಷೆ ತೆಗೆದುಕೊಂಡು ಬುದ್ಧನ ದಾರಿ ಹಿಡಿದವರು, ಇಂಥದ್ದೆಲ್ಲ ನಮಗೆ ಇಲ್ಲ ಎಂದು ಗದರಿಸಿದ್ದೇನೆ. ನೀವು ತಲೆಗೆ ಹಚ್ಚಿಕೊಳ್ಳಬೇಡಿ.

ಶಟ್ಟೆಪ್ಪ


ಕಿತ್ತೂರು
೨೫ ಆಗಸ್ಟ್ ೨೦೨೪

ಶಟ್ಟೆಪ್ಪನವರಿಗೆ ನಮಸ್ಕಾರ.

ನಿಮ್ಮ ಪಟ್ಟಿಗಳು ಕೆಲಸ ಮಾಡುತ್ತಿವೆ. ಮೊದಲ ವಾರ ಸಂಘಮಿತ್ರಾ ಅರ್ಧ ಕೊಳವನ್ನು ಕುಡಿದಳು. ಈಗ ಕಾಲು ಕಟ್ಟಿಕೊಂಡೇ ಉದ್ದಕ್ಕೆ ಹೋಗಿ ಬರುತ್ತಾಳೆ. ಉಳಿದ ಹುಡುಗಿಯರು ಒಮ್ಮೆ ಕೊಡು ಎಂದು ಬೆನ್ನು ಹತ್ತಿದ್ದಾರೆ, ಅವಳು ಯಾರಿಗೂ ಮುಟ್ಟಗೊಡುವುದಿಲ್ಲ.

ಒಂದೇ ತೊಂದರೆ. ನೀರಲ್ಲಿ ನೆನೆದು ನೆನೆದು ಅವು ಸಡಿಲವಾಗಿವೆ. ತಿರುಗುವಾಗ ಒಂದು ಕಾಲು ಹೊರಗೆ ಬಂದುಬಿಡುತ್ತದೆ, ಬಂದೊಡನೆ ಇವಳ ಹಳೆಯ ಚಾಳಿ ಶುರು. ಇನ್ನೂ ಚಿಕ್ಕ ಟ್ಯೂಬಿನಲ್ಲಿ, ಅಗಲ ಹೆಚ್ಚಿಟ್ಟು, ಒದ್ದಾಡಿದರೂ ಬಿಚ್ಚದಷ್ಟು ಬಿಗಿಯಾಗಿ ಮಾಡಲು ಸಾಧ್ಯವೇ? ಸಂಘಮಿತ್ರಾಳೂ ಅದನ್ನೇ ಹೇಳಿದಳು. “ಅಣ್ಣಗ ಹೇಳ್ರಿ, ಈ ಸಲ ಅವಂಗೂ ಬಿಚ್ಚಾಕ ಬರಬಾರದು ಅಂಥಾದು ಮಾಡು ಅಂತ.”

ಆಕಾಶ ಹೊಳೆಯಲ್ಲಿ ಪರೀಕ್ಷಿಸಿ ಕಳಿಸುವುದು ನನಗೆ ಬಹಳ ಮೆಚ್ಚುಗೆಯಾಯಿತು. ಹಾಗೆಯೇ ಮಾಡಲಿ.

ಅನ್ನಪೂರ್ಣಾ


ಮನೋಳಿ
೧೪ ಸೆಪ್ಟೆಂಬರ್ ೨೦೨೪

ಅನ್ನಪೂರ್ಣಾ ಅಕ್ಕಾರಿಗೆ,

ತಡವಾಯಿತು. ಆಕಾಶ ಇಲ್ಲ. ಸೆಪ್ಟೆಂಬರ್ ಆರರಂದು ಸಂಜೆ ಹೊಳೆಗೆ ಇಳಿದವನು ಮೇಲೆ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನೂ ಮೀನು ಹಿಡಿಯುವ ಅಮೋಘಸಿದ್ದಪ್ಪನೂ ತೆಪ್ಪದಲ್ಲಿ ಹೋಗಿ ತೆಗೆದುಕೊಂಡು ಬಂದೆವು. ಎಲ್ಲ ಮುಗಿದಿದೆ.

ಸಂಘಮಿತ್ರಾಳಿಗೆ ಹೇಳಬೇಡಿ. ಆಯ್ಕೆ ಮುಗಿಯುವವರೆಗೆ ಬೇಡ. ಈಗ ಹೇಳಿದರೆ ಅವಳು ನೀರಿಗೆ ಇಳಿಯುವುದಿಲ್ಲ, ಜನ್ಮದಲ್ಲಿ ಮತ್ತೆ ಇಳಿಯುವುದಿಲ್ಲ. ಅವಳ ಹೆಸರು ಪೇಪರಿನಲ್ಲಿ ಬರಬೇಕೆಂದು ಅವನು ಹೇಳುತ್ತಿದ್ದ. ಪದ್ಮವ್ವ ಒಪ್ಪಿದ್ದಾಳೆ. ಭಾನುವಾರ ಅವಳು ಫೋನು ಕೇಳಿದರೆ ಅವ್ವನ ಫೋನು ಕೆಟ್ಟಿದೆ, ಅಣ್ಣ ರಾಮದುರ್ಗಕ್ಕೆ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿ.

ನೀವು ಕೇಳಿದಂತೆ ಬಿಗಿಯಾದ ಪಟ್ಟಿ ಮೂರು ಮಾಡಿದ್ದೇನೆ. ನನ್ನ ಕೈಯ ಕೆಲಸ, ಅಂಚು ಅಷ್ಟು ನುಣುಪಾಗಿಲ್ಲ. ಪದ್ಮವ್ವ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟಳು.

ಶಟ್ಟೆಪ್ಪ


ಕಿತ್ತೂರು
೧೮ ಸೆಪ್ಟೆಂಬರ್ ೨೦೨೪

ಶಟ್ಟೆಪ್ಪನವರಿಗೆ,

ನಿಮ್ಮ ಕಾಗದ ಮುಟ್ಟಿ ಎರಡು ದಿನವಾಯಿತು. ನಾನು ಅವನ ಮುಖ ನೋಡಿದವಳಲ್ಲ, ಫೋನಿನಲ್ಲಿ ದನಿ ಕೇಳಿದ್ದು ಅಷ್ಟೇ. ಆದರೂ ನಿಮ್ಮ ಕಾಗದ ಓದಿ ಅತ್ತೆ. ಅಷ್ಟು ಚೆನ್ನಾಗಿ ಈಜುವ ಹುಡುಗ ಹೋದನೆಂದರೆ ಮಳೆಗಾಲದ ಸೆಳವೇ ಇರಬೇಕು. ಹೊಳೆಯ ನೀರನ್ನು ನಂಬಬಾರದು.

ನೀವು ಹೇಳಿದಂತೆ ಸುಳ್ಳು ಹೇಳಿದ್ದೇನೆ. ಒಪ್ಪಿ ಹೇಳಿದ್ದಲ್ಲ, ನಿಮ್ಮ ದುಃಖಕ್ಕೆ ಮಣಿದು ಹೇಳಿದ್ದು. ಅವಳು ಮುಖ ನೋಡಿ ಮಾತಾಡುವ ಹುಡುಗಿ, ಅವಳ ಎದುರು ನಿಂತು ಸುಳ್ಳಾಡುವುದು ನನಗೆ ಬಹಳ ಕಷ್ಟವಾಗುತ್ತಿದೆ.

ಇನ್ನೊಂದು ಸಂಗತಿ. ನೀವು ಮೂರು ಪಟ್ಟಿ ಎಂದು ಬರೆದಿದ್ದೀರಿ. ಗಂಟಿನಲ್ಲಿ ನಾಲ್ಕು ಇದ್ದವು. ನಾಲ್ಕನೆಯದು ಬೇರೆ ಟ್ಯೂಬಿನದು, ಅಗಲ, ಅಂಚು ತೀರಾ ನುಣುಪು. ಸಂಘಮಿತ್ರಾ ನೋಡಿದೊಡನೆ, “ಇದು ಅಣ್ಣಂದು” ಎಂದು ಎತ್ತಿಕೊಂಡಳು. ಈಗ ಬೇರೆ ಯಾವುದನ್ನೂ ಹಾಕುವುದಿಲ್ಲ. ಅಷ್ಟು ಬಿಗಿಯಾಗಿ, ಅಷ್ಟು ಸರಿಯಾಗಿ ಕೂಡುವ ಪಟ್ಟಿಯನ್ನು ನಾನೂ ನೋಡಿಲ್ಲ. ಮೊನ್ನೆ ನೀರೊಳಗೆ ಅವಳ ಬಾಯಿಂದ ಗುಳ್ಳೆಗಳು ಒಂದೇ ಸಮನೆ ಎದ್ದವು. ಹೆದರಿ ಕೂಗಿದೆ. ತಲೆ ಎತ್ತಿದವಳು ನಗುತ್ತಿದ್ದಳು.

ಅನ್ನಪೂರ್ಣಾ


ಯರಗಟ್ಟಿ
೨೦ ಸೆಪ್ಟೆಂಬರ್ ೨೦೨೪

ಅಕ್ಕಾರಿಗೆ,

ಆ ನಾಲ್ಕನೆಯದನ್ನು ವಾಪಸು ಕಳಿಸಿ. ಅದು ತಪ್ಪಿ ಬಂದದ್ದು. ಟ್ಯೂಬಿನಲ್ಲಿ ಒಳಗೆ ಸೀಳು ಇದೆ, ಮೇಲೆ ಕಾಣುವುದಿಲ್ಲ. ಆಯ್ಕೆಯ ಹೊತ್ತಿಗೆ ಹರಿದರೆ ಕೆಲಸ ಕೆಡುತ್ತದೆ. ನನ್ನ ಮೂರನ್ನೇ ಹಾಕಿಕೊಳ್ಳಲಿ. ಇಂದಿನ ಬಸ್ಸಿಗೇ ಕೊಟ್ಟರೆ ಒಳ್ಳೆಯದು.

ನೀವು ಹೇಳಿದ್ದು ಸರಿ, ಸೆಳವು ಇತ್ತು.

ಶಟ್ಟೆಪ್ಪ


ಕಿತ್ತೂರು
೨೮ ಸೆಪ್ಟೆಂಬರ್ ೨೦೨೪

ಶಟ್ಟೆಪ್ಪನವರಿಗೆ ನಮಸ್ಕಾರ.

ಪಟ್ಟಿಯನ್ನು ಕಳಿಸಲಿಲ್ಲ, ಕ್ಷಮಿಸಿ. ಹಿಗ್ಗಿಸಿ, ಬೆಳಕಿಗೆ ಹಿಡಿದು, ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದೆ. ಎಲ್ಲಿಯೂ ಸೀಳಿಲ್ಲ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಅದು ಆಕಾಶ ಕಡೆಯದಾಗಿ ಮಾಡಿದ್ದು, ನಿಮಗೆ ನೆನಪಿಗೆ ಬೇಕು. ನೇರವಾಗಿ ಕೇಳಿದ್ದರೆ ಏನಾಗುತ್ತಿತ್ತು? ಅವಳಿಂದ ಈಗ ಕಸಿದುಕೊಂಡರೆ ಕಾರಣ ಹೇಳಬೇಕಾಗುತ್ತದೆ. ಆಯ್ಕೆ ಮುಗಿದ ದಿನ ನಾನೇ ತಂದು ಪದ್ಮವ್ವನವರ ಕೈಗೆ ಕೊಡುತ್ತೇನೆ.

ಆದರೆ ನನ್ನದೂ ಒಂದು ಪ್ರಶ್ನೆಯಿದೆ, ನೇರವಾಗಿಯೇ ಕೇಳುತ್ತೇನೆ. ಸಂಘಮಿತ್ರಾಳಿಗೆ ಸುದ್ದಿ ಹೇಳಿದವರು ಯಾರು?

ಹೋದ ವಾರದಿಂದ ಅವಳ ಈಜು ಬದಲಾಗಿದೆ. ಆ ಪಟ್ಟಿ ಹಾಕಿದರೆ ನಡುವೆ ತಡೆದು ನಿಲ್ಲುತ್ತಾಳೆ, ಕಾಲು ಕೆಳಗಿಳಿಯುತ್ತದೆ, ನೆಟ್ಟಗೆ ಮುಳುಗುತ್ತಾಳೆ. ನಾನು ಹಾರಬೇಕು ಎನ್ನುವಷ್ಟರಲ್ಲಿ ತಾನೇ ಮೇಲೆ ಬರುತ್ತಾಳೆ. ಏನಾಯಿತು ಎಂದರೆ, “ಅಣ್ಣ ಜಗ್ಗಿದಾ” ಎನ್ನುತ್ತಾಳೆ. ಮೊದಲು ತಮಾಷೆ ಎಂದುಕೊಂಡೆ. ಮೊನ್ನೆ ಕೂರಿಸಿ ಕೇಳಿದೆ. “ಅಂವ ಕೆಳಗ ಇರ್ತಾನ್ರಿ ಅಕ್ಕಾರ. ಮ್ಯಾಲ ಬಾ ಅಂದ್ರ ಬರಾಂಗಿಲ್ಲ” ಎಂದಳು. ಮನೆಯಿಂದ ಯಾರಾದರೂ ಏನಾದರೂ ಹೇಳಿದರೇ ಎಂದು ಕೇಳಿದೆ. ನನ್ನನ್ನೇ ನೋಡಿ, “ಏನ್ ಹೇಳಬೇಕಿತ್ರಿ?” ಎಂದಳು. ನಾನು ಎದ್ದು ಹೋದೆ. ನನಗಿಂತ ಆ ಹುಡುಗಿ ಗಟ್ಟಿ.

ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಹಾಗಾದರೆ ನಿಮ್ಮ ಕಡೆಯವರೇ ಇರಬೇಕು. ಅವಳು ತಿಳಿದೂ ತಿಳಿಯದ ಹಾಗೆ ಒದ್ದಾಡುತ್ತಿದ್ದಾಳೆ ಎಂದು ನನ್ನ ಊಹೆ.

ಬರೆಯಬಾರದೆಂದುಕೊಂಡಿದ್ದೆ, ಬರೆದೇಬಿಡುತ್ತೇನೆ. ಎಲ್ಲ ಪಟ್ಟಿಗಳನ್ನೂ ದಂಡೆಯ ತಂತಿಯ ಮೇಲೆ ಒಣಗಹಾಕುತ್ತೇವೆ. ನಿಮ್ಮ ಮೂರನ್ನು ಈಗ ಬೇರೆ ಹುಡುಗಿಯರು ಹಾಕಿಕೊಳ್ಳುತ್ತಾರೆ, ಅವು ಒಂದು ತಾಸಿನಲ್ಲಿ ಬಿಸಿಲಿಗೆ ಒಣಗುತ್ತವೆ. ನಾಲ್ಕನೆಯದು ದಿನವೆಲ್ಲ ಬಿಸಿಲಲ್ಲಿದ್ದರೂ ಸಂಜೆ ಮುಟ್ಟಿದರೆ ತಣ್ಣಗೆ, ಒದ್ದೆ. ನಮ್ಮ ಕೊಳದಲ್ಲಿ ಕ್ಲೋರಿನ್ ಬಿಟ್ಟು ಬೇರೆ ವಾಸನೆಯಿಲ್ಲ, ಅದಕ್ಕೆ ಮಾತ್ರ ಹೊಳೆಯ ರಾಡಿಯ ವಾಸನೆ. ಅವಳು ಈಜುವ ಸಾಲಿನ ತಳದಲ್ಲಿ ಕಪ್ಪು ರಾಡಿ ಕೂತಿತ್ತು. ಉಜ್ಜಿಸಿ ತೆಗೆಸಿದೆ. ಮರುದಿನ ಮತ್ತೆ ಅಷ್ಟೇ ಇತ್ತು. ಬೇರೆ ಹುಡುಗಿಯರು ಆ ಸಾಲಿಗೆ ಇಳಿಯುವುದನ್ನು ಬಿಟ್ಟಿದ್ದಾರೆ, ಕೇಳಿದರೆ ಚಳಿ ಎನ್ನುತ್ತಾರೆ. ಒಂದೇ ಕೊಳದಲ್ಲಿ ಒಂದು ಸಾಲಿಗೆ ಮಾತ್ರ ಚಳಿ ಹೇಗೆ ಬರುತ್ತದೆ? ನಿನ್ನೆ ನಾನೇ ಕೈಯಿಟ್ಟು ನೋಡಿದೆ. ಕೈಯನ್ನು ಬೇಗ ತೆಗೆದುಕೊಂಡೆ.

ಇದೆಲ್ಲ ನನ್ನ ನಿದ್ದೆಗೇಡಿತನವೂ ಇರಬಹುದು. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಅನ್ನಪೂರ್ಣಾ


ಮನೋಳಿ
೧ ಅಕ್ಟೋಬರ್ ೨೦೨೪

ಅಕ್ಕಾರಿಗೆ,

ನಮ್ಮಲ್ಲಿ ಯಾರೂ ಹೇಳಿಲ್ಲ. ಅವಳ ಫೋನು ಬಂದರೆ ಎತ್ತುವವರೇ ಇಲ್ಲ, ಪದ್ಮವ್ವನ ಫೋನನ್ನು ನಾನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದೇನೆ. ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಕಲಿತವರು, ನೀವೂ ಹೀಗೆ ಬರೆಯುತ್ತೀರಲ್ಲ ಎನಿಸಿತು. ನಾನು ದೆವ್ವ ಗಿವ್ವ ನಂಬುವವನಲ್ಲ. ಸ್ಮಶಾನದ ಹತ್ತಿರದ ದಾರಿಯಲ್ಲಿ ಒಬ್ಬನೇ ಸೈಕಲ್ ತಳ್ಳಿಕೊಂಡು ಬಂದವನು. ಆದರೆ ರಾಡಿಯ ವಾಸನೆ ಎಂದು ಬರೆದಿದ್ದೀರಿ. ಅದನ್ನು ಓದಿ ಕೆಲಸ ಬಿಟ್ಟು ಇದನ್ನು ಬರೆಯಲು ಕೂತೆ.

ನಾನು ನಿಮಗೆ ಪೂರ್ತಿ ಹೇಳಿಲ್ಲ. ಸೀಳೂ ಇಲ್ಲ, ಸೆಳವೂ ಇರಲಿಲ್ಲ. ಆ ದಿನ ಹೊಳೆ ತಣ್ಣಗೆ ಮಲಗಿತ್ತು. ಆಕಾಶ ಬಿಗಿಯಾದ ಪಟ್ಟಿ ಮಾಡಿ, ಅದನ್ನು ಹಾಕಿಕೊಂಡು ಪರೀಕ್ಷೆ ಮಾಡಲು ಇಳಿದಿದ್ದ. ಮುಳುಗಡೆಯಾದ ಒಂದು ಜಾಲಿಗಿಡ ಅಲ್ಲಿ ನೀರೊಳಗೇ ಇದೆ, ಅದರ ಮೋಟು ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು. ಕಾಲು ಬಿಡಿಸಿಕೊಳ್ಳಲಾಗಲಿಲ್ಲ. ತೆಪ್ಪದಿಂದ ಕೆಳಗಿಳಿದು ಪಟ್ಟಿ ತೆಗೆದು ಅವನನ್ನು ಮೇಲೆ ತಂದವನು ನಾನು. ದಡದಲ್ಲಿ ಊರೇ ನಿಂತಿತ್ತು. ಯಾರಿಗೂ ಕಾಣದಂತೆ ಅದನ್ನು ಒಳಕಿಸೆಗೆ ಹಾಕಿಕೊಂಡೆ. ಅಮೋಘಸಿದ್ದಪ್ಪನಿಗೆ ಆಣೆ ಹಾಕಿಸಿ ಬಾಯಿ ಮುಚ್ಚಿಸಿದೆ.

ಯಾಕೆಂದು ನಿಮಗೆ ತಿಳಿಯುತ್ತದೆ. ಕೇಳಿದವಳು ಅವಳು, ಮಾಡಿದವನು ಅವನು. ತಾನು ಕೇಳಿದ ಪಟ್ಟಿಯಿಂದಲೇ ಅಣ್ಣ ಸತ್ತನೆಂದು ತಿಳಿದರೆ ಆ ಹುಡುಗಿ ಬದುಕುವುದಿಲ್ಲ. ಬಿಗಿ ಬೇಕು ಎಂದು ಬರೆದವರು ನೀವು. ನಿಮಗೂ ಹೇಳಬಾರದು ಎಂದುಕೊಂಡೆ.

ಕೊಯ್ದು ಒಲೆಗೆ ಹಾಕಬೇಕಿತ್ತು, ನನ್ನಿಂದಾಗಲಿಲ್ಲ. ಅವನು ಉಜ್ಜಿದ ಅಂಚು. ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸಿದ್ದೆ. ಗಂಟು ಕಟ್ಟುವಾಗ ಪದ್ಮವ್ವ ನೋಡಿ ಸೇರಿಸಿದ್ದಾಳೆ. ನಿಮ್ಮ ಕಾಗದ ಬಂದ ಮೇಲೆ ಕೇಳಿದೆ. “ಅಂವ ಕಡೀಕ ಮಾಡಿದ್ದಲ್ಲೇನೋ, ತಂಗೀಗೆ ಮುಟ್ಟಲಿ ಅಂತ ಇಟ್ಟೆ” ಎಂದಳು. ಅವಳ ಮಗ ಅದರಲ್ಲೇ ಸತ್ತನೆಂದು ಅವಳಿಗೆ ನಾನು ಹೇಳಿದ್ದರೆ ತಾನೆ ಗೊತ್ತಾಗುವುದು. ಎಲ್ಲರಿಂದ ಮುಚ್ಚಿಟ್ಟು ಎಲ್ಲರನ್ನೂ ಕಾಯುತ್ತೇನೆ ಎಂದು ಹೊರಟಿದ್ದೆ.

ಅದನ್ನು ಕೊಯ್ದುಬಿಡಿ. ನಾನು ಏನನ್ನು ನಂಬುತ್ತೇನೆ, ಏನನ್ನು ಬಿಡುತ್ತೇನೆ ಎಂದು ಕೇಳಬೇಡಿ. ಈ ಕಾಗದ ಮುಟ್ಟಿದ ಕ್ಷಣ ಕೊಯ್ಯಿರಿ. ಅವಳನ್ನು ಒಬ್ಬಳನ್ನೇ ನೀರಿಗೆ ಬಿಡಬೇಡಿ.

ಶಟ್ಟೆಪ್ಪ


ಕಿತ್ತೂರು
೩ ಅಕ್ಟೋಬರ್ ೨೦೨೪

ಶಟ್ಟೆಪ್ಪನವರಿಗೆ,

ಸಂಘಮಿತ್ರಾ ಜೀವಂತ ಇದ್ದಾಳೆ. ಮೊದಲು ಇದನ್ನು ಓದಿಕೊಳ್ಳಿ. ಡಾಕ್ಟರು ನೋಡಿದ್ದಾರೆ, ಏನೂ ಆಗಿಲ್ಲ. ನನ್ನ ಕೋಣೆಯಲ್ಲೇ ಮಲಗಿದ್ದಾಳೆ.

ನಿಮ್ಮ ಕಾಗದ ಇಂದು ಮಧ್ಯಾಹ್ನದ ಬಸ್ಸಿಗೆ ಬಂತು. ಬಸ್ ಸ್ಟ್ಯಾಂಡಿನಲ್ಲೇ ಒಡೆದು ಓದಿದೆ. ‘ಹಾಗೆಯೇ ಮಾಡಲಿ’ ಎಂದು ಆಗಸ್ಟಿನಲ್ಲಿ ನಿಮಗೆ ಬರೆದವಳು ನಾನು. ನನ್ನ ಹುಡುಗಿಯರಿಗಾಗಿ ನಾನು ದಂಡೆಯಲ್ಲಿ ನಿಲ್ಲುತ್ತೇನೆ, ಅವನಿಗಾಗಿ ಯಾರು ನಿಂತಿದ್ದಾರೆ ಎಂದು ನನಗೆ ಆಗ ಹೊಳೆಯಲೇ ಇಲ್ಲ. ಅದನ್ನು ಅಲ್ಲಿ ನಿಂತು ಯೋಚಿಸಲೂ ಸಮಯವಿರಲಿಲ್ಲ. ಆಟೋ ಹಿಡಿದು ಬಂದೆ.

ಹುಡುಗಿಯರೆಲ್ಲ ಊಟಕ್ಕೆ ಹೋಗಿದ್ದರು. ಕೊಳದ ನೀರು ಅಲುಗದೆ ನಿಂತಿತ್ತು. ದಂಡೆಯಲ್ಲಿ ಅವಳ ಚಪ್ಪಲಿ ಇದ್ದವು. ತಂತಿಯ ಮೇಲೆ ನಿಮ್ಮ ಮೂರು ಪಟ್ಟಿ ತೂಗುತ್ತಿದ್ದವು, ನಾಲ್ಕನೆಯದು ಇರಲಿಲ್ಲ. ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಕತ್ತರಿ ತೆಗೆದುಕೊಂಡು, ಸೀರೆಯಲ್ಲೇ ಹಾರಿದೆ.

ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆಳದ ತುದಿಯಲ್ಲಿ, ತಳದಲ್ಲಿ ಅವಳು ಮೊಣಕಾಲೂರಿ ಕೂತಿದ್ದಳು. ನೀರು ಅಲ್ಲಿ ಕದಡಿ ಹೋಗಿತ್ತು. ಪಟ್ಟಿಯನ್ನು ಕೊಯ್ಯಬೇಕೆಂದು ಅವಳ ಕಾಲಿಗೆ ಕೈಹಾಕಿದೆ. ಕಾಲು ಬರಿದಾಗಿದ್ದವು. ಪಟ್ಟಿ ಅವಳ ಕಾಲಿನಲ್ಲಿ ಇರಲಿಲ್ಲ. ಅವಳ ಮುಂದೆ ಇತ್ತು. ಎರಡೂ ಕೈಯ ಬೆರಳುಗಳನ್ನು ಅದರೊಳಗೆ ತೂರಿಸಿ ಜಗ್ಗುತ್ತಿದ್ದಳು. ಇನ್ನೊಂದು ಬದಿಯಲ್ಲಿ ಅದನ್ನು ಯಾರೂ ಹಿಡಿದಿರಲಿಲ್ಲ, ಆದರೂ ಅದು ಹಿಗ್ಗಿ, ಒಂದು ಕಾಲಿನಷ್ಟು ದುಂಡಗೆ ನಿಂತಿತ್ತು. ಒಳಗೆ ನೀರು ಬಿಟ್ಟರೆ ಏನೂ ಇರಲಿಲ್ಲ.

ಜಡೆ ಹಿಡಿದು ಮೇಲೆಳೆದೆ. ಬರಲು ಒಲ್ಲೆನೆಂದು ನನ್ನನ್ನು ಒದ್ದಳು, ಪರಚಿದಳು. ದಂಡೆಗೆ ಹಾಕಿದ ಮೇಲೆ ನೀರು ಕಾರಿ, ಉಸಿರು ಬಂದೊಡನೆ ನನ್ನ ಮೇಲೆ ಸಿಟ್ಟಾದಳು. “ಯಾಕ್ ಎಳದ್ರಿ ಅಕ್ಕಾರ? ಒಂದು ಕಾಲು ಬಿಚ್ಚಿದ್ದೆ. ಇನ್ನೊಂದು ಉಳದಿತ್ತು” ಎಂದಳು. ಯಾರ ಕಾಲು ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, “ಅಂವ ಬಿಚ್ಚಗೋಳಾಕ ಬರಲಿಲ್ಲ ಅಂತ ನನ್ನ ಕರದಿದ್ದಾ.” ಆಮೇಲೆ ಅಳತೊಡಗಿದಳು, ಇನ್ನೂ ನಿಂತಿಲ್ಲ.

ನಿಮ್ಮ ಕಾಗದ ಆಗ ನನ್ನ ಚೀಲದಲ್ಲಿತ್ತು. ನಾನು ಬಿಟ್ಟು ಅದನ್ನು ಓದಿದವರಿಲ್ಲ. ಪಟ್ಟಿಯಿಂದ ಅವನು ಸತ್ತನೆಂದು ಅವಳಿಗೆ ತಿಳಿಯುವ ದಾರಿಯೇ ಇಲ್ಲ.

ಆ ಪಟ್ಟಿ ಇನ್ನೂ ತಳದಲ್ಲೇ ಇದೆ. ನಾನು ಕೊಯ್ದಿಲ್ಲ, ಮತ್ತೆ ಇಳಿಯಲು ನನಗೆ ಧೈರ್ಯವಿಲ್ಲ. ಕೊಳದ ಗೇಟಿಗೆ ಬೀಗ ಹಾಕಿಸಿದ್ದೇನೆ. ಆಯ್ಕೆ ಹಾಳಾಗಲಿ. ಅವಳು ಎದ್ದರೆ ಇನ್ನು ಸುಳ್ಳು ಹೇಳುವುದಿಲ್ಲ. ಹೇಳಬೇಕಾದವರು ನೀವು, ಬೇಗ ಬನ್ನಿ.

ಅನ್ನಪೂರ್ಣಾ


ಮನೋಳಿ
೪ ಅಕ್ಟೋಬರ್ ೨೦೨೪

ಅಕ್ಕಾರಿಗೆ,

ನಾಳೆ ಮೊದಲ ಬಸ್ಸಿಗೆ ನಾನೂ ಪದ್ಮವ್ವನೂ ಬರುತ್ತೇವೆ. ಇಂದೇ ಹೊರಡಬೇಕಿತ್ತು, ಅವಳು ಏಳುವ ಸ್ಥಿತಿಯಲ್ಲಿಲ್ಲ. ಮುಂಜಾನೆ ಅವಳಿಗೆ ಎಲ್ಲ ಹೇಳಿದೆ. ಪಟ್ಟಿ ಹೇಗೆ ಸಿಕ್ಕಿತು, ನಾನು ಹೇಗೆ ಮುಚ್ಚಿಟ್ಟೆ, ಅವಳೇ ಅದನ್ನು ಗಂಟಿನಲ್ಲಿ ಇಟ್ಟದ್ದು, ಎಲ್ಲ. ನನ್ನ ಕೆನ್ನೆಗೆ ಹೊಡೆದಳು. ಹೊಡೆದು ನನ್ನ ಹೆಗಲ ಮೇಲೆಯೇ ಬಿದ್ದಳು. ಇಷ್ಟು ದಿನ ಅತ್ತಿರಲಿಲ್ಲ, ಇಂದು ಅತ್ತಳು. ಹುಡುಗಿಗೂ ನಾವೇ ಹೇಳುತ್ತೇವೆ, ಅವಳು ಕೇಳಿದ್ದರಲ್ಲಿ ತಪ್ಪಿಲ್ಲವೆಂದೂ ಅವ್ವನ ಬಾಯಿಂದಲೇ ಹೇಳಿಸುತ್ತೇನೆ. ಆ ಪಟ್ಟಿಯನ್ನು ತೆಗೆಯಲು ನಾನೇ ನೀರಿಗೆ ಇಳಿಯುತ್ತೇನೆ, ನೀವು ಯಾರೂ ಹೋಗಬೇಡಿ.

ನಾವು ಬರುವ ಮೊದಲು ನೀವು ತಿಳಿದಿರಬೇಕಾದ್ದು ಒಂದಿದೆ, ಅದಕ್ಕೇ ಈ ಕಾಗದವನ್ನು ಸಂಜೆಯ ಬಸ್ಸಿಗೆ ಕೊಡುತ್ತಿದ್ದೇನೆ. ಇದನ್ನು ಅಮೋಘಸಿದ್ದಪ್ಪನಿಗೂ ಹೇಳಿಲ್ಲ, ಇಂದು ಪದ್ಮವ್ವನಿಗೂ ಹೇಳಲಿಲ್ಲ. ಅಂದು ನೀರೊಳಗಿದ್ದವನು ನಾನೊಬ್ಬನೇ.

ನಾನು ಆಕಾಶನನ್ನು ಮುಟ್ಟಿದಾಗ ಪಟ್ಟಿ ಅವನ ಎರಡೂ ಕಾಲಿನಲ್ಲಿ ಇರಲಿಲ್ಲ. ಒಂದೇ ಕಾಲು ಅದರಲ್ಲಿ ಸಿಕ್ಕಿಕೊಂಡು ಮೋಟಿಗೆ ಬಿಗಿದಿತ್ತು. ಇನ್ನೊಂದು ಕಾಲು ಆಗಲೇ ಹೊರಗೆ ಬಂದಿತ್ತು. ಅವನೇ ಹೇಗೋ ಬಿಡಿಸಿಕೊಂಡಿರಬೇಕು, ಎರಡನೆಯದಕ್ಕೆ ಉಸಿರು ಸಾಲಲಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಆದರೆ ಅವನ ಎರಡೂ ಕೈ ತಲೆಯ ಮೇಲೆ ಚಾಚಿ, ಮೇಲಿನ ಟೊಂಗೆಯನ್ನು ಹಿಡಿದುಕೊಂಡಿದ್ದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆ ಕೈ ಕಾಲಿನವರೆಗೆ ಬಂದಿರಲಾರದು.

ಅವಳು ಬಿಚ್ಚಿದ್ದು ಯಾವ ಕಾಲು ಎಂದು ದಯವಿಟ್ಟು ಅವಳನ್ನು ಕೇಳಬೇಡಿ. ನಾನು ಬಂದು ಕೇಳುತ್ತೇನೆ.

ಶಟ್ಟೆಪ್ಪ